ಅಣ್ಣನ ಕಾಲಿನ ಮೇಲೆ ನನ್ನ ಕಣ್ಣು

ಅಣ್ಣನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಅತ್ತಿಗೆ ಎರಡು ಕೊಯ್ಲಿನ ಕಾಲ ಬೇಡಿಕೊಂಡರೂ ನಾನು ಕರೆದುಕೊಂಡು ಹೋಗಲಿಲ್ಲ. ಪುರುಸೊತ್ತಿಲ್ಲ ಎನ್ನುತ್ತಿದ್ದೆ. ನಿಜ ಬೇರೆ. ಅವನಿಗೆ ಕಾಯಿಲೆ ಇದೆ ಎಂದೇ ನಾನು ನಂಬಿರಲಿಲ್ಲ. ಕೆಲಸ ತಪ್ಪಿಸಿಕೊಳ್ಳಲು ನಾಟಕ ಆಡುತ್ತಿದ್ದಾನೆ ಎಂದುಕೊಂಡಿದ್ದೆ.

ಸಕಲೇಶಪುರದ ಆಚೆ ಹೊಂಗಡಹಳ್ಳದ ಕಡೆ ನಮ್ಮದು ಸಣ್ಣ ಕಾಫಿ ತೋಟ. ಮನೆ ಬೇರೆ ಬೇರೆ. ತೋಟ ಮತ್ತು ಕಾಫಿ ಒಣಗಿಸುವ ಕಣ ಅಣ್ಣತಮ್ಮಂದಿರಿಬ್ಬರಿಗೂ ಸೇರಿದ್ದು. ಮೊದಲು ಅಣ್ಣನ ಹೆಜ್ಜೆ ಚಿಕ್ಕದಾಯಿತು. ಆಮೇಲೆ ಕಾಫಿ ಮೂಟೆ ಇಡುವ ಸ್ಟೋರಿನ ಬಾಗಿಲಲ್ಲಿ ನಿಂತುಬಿಡತೊಡಗಿದ. ಮೊಣಕಾಲು ನಡುಗುತ್ತಿತ್ತು, ಅಂಗಾಲು ನೆಲ ಬಿಟ್ಟು ಏಳುತ್ತಿರಲಿಲ್ಲ. ಹಿಂದೆ ಮೂಟೆ ಹೊತ್ತು ಬಂದ ನಾನು ಬೈದುಕೊಂಡು ಕಾಯಬೇಕಾಗುತ್ತಿತ್ತು.

ನನಗೆ ಅನುಮಾನ ಹುಟ್ಟಿದ್ದು ಕಣದಲ್ಲಿ. ಹಸಿ ಕಾಫಿಯನ್ನು ಬೆಳಗ್ಗೆ ಹಲಗೆಯಿಂದ ಎಳೆದು ಸಾಲು ಮಾಡುತ್ತೇವೆ, ನಡುವಿನ ಖಾಲಿ ನೆಲ ಬಿಸಿಲಿಗೆ ಕಾಯಲಿ ಎಂದು. ಒಂದು ದಿನ ಅಣ್ಣ ಆ ಸಾಲುಗಳಿಗೆ ಅಡ್ಡವಾಗಿ ನಡೆದ. ಒಂದೊಂದೇ ಸಾಲು ದಾಟುತ್ತ, ಒಂದು ಬೀಜವನ್ನೂ ತುಳಿಯದೆ, ಹುಡುಗನ ಹಾಗೆ ಆ ತುದಿ ಮುಟ್ಟಿದ. ಬರೀ ನೆಲ ಬಂದ ಕೂಡಲೇ ಮತ್ತೆ ಕಾಲೆಳೆಯತೊಡಗಿದ. ನಾನು ನೋಡುತ್ತಿರುವುದು ಗೊತ್ತಾಗಿಯೇ ಹಾಗೆ ಮಾಡಿದ ಎಂದು ತೀರ್ಮಾನಿಸಿದೆ.

ಅಲ್ಲಿಂದ ಕದ್ದು ನೋಡುವುದೇ ಚಾಳಿಯಾಯಿತು. ಸ್ಟೋರಿನ ಹಿಂದೆ ನಿಲ್ಲುತ್ತಿದ್ದೆ. ಮೆಟ್ಟಿಲು ಸಲೀಸಾಗಿ ಹತ್ತುತ್ತಾನೆ, ಬಾಗಿಲು ಮಾತ್ರ ದಾಟಲಾರನೇ? ಸುತ್ತ ಯಾರೂ ಇಲ್ಲದಾಗಲೂ ಬಾಗಿಲಲ್ಲಿ ನಿಂತುಬಿಟ್ಟಿದ್ದನ್ನು ಕಂಡೆ. ಆಗಲೂ, ನಾನು ಇಲ್ಲಿರುವುದು ಇವನಿಗೆ ಹೇಗೋ ತಿಳಿದಿದೆ ಎಂದುಕೊಂಡೆನೇ ಹೊರತು ಬೇರೆ ಯೋಚನೆ ಬರಲಿಲ್ಲ.

ಕೊಯ್ಲಿಗೆ ಬಂದ ಹೆಂಗಸೊಬ್ಬಳು ಕೇಳಿದಳು, "ದೊಡ್ಡಯ್ಯಂಗೆ ಏನಾಗೈತೆ?"

"ಏನೂ ಇಲ್ಲ ಕಣಮ್ಮ. ಮೂಟೆ ಕಂಡ್ರೆ ಕಾಲು ಹಿಡ್ಕತ್ತವೆ. ಊಟಕ್ಕೆ ಕರೆದು ನೋಡು, ಓಡ್ಬತ್ತಾನೆ" ಎಂದೆ.

ಎಲ್ಲರೂ ನಕ್ಕರು. ಅಣ್ಣ ಅಲ್ಲೇ ಹಲಗೆ ಹಿಡಿದು ನಿಂತಿದ್ದ. ಅವನ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಮುಖ ಅಲುಗದಿರುವುದೂ ಅವನ ಕಾಯಿಲೆಯ ಗುಣವಂತೆ, ಅದು ತಿಳಿದದ್ದು ಆಮೇಲೆ. ಆಗ ನಾನು ಅವನನ್ನು ಮಾನಗೆಟ್ಟವನು ಎಂದುಕೊಂಡೆ.

ಕೊನೆಗೆ ಅತ್ತಿಗೆ, "ನೀನು ಹೋಗಲ್ಲ ಅಂದ್ರೆ ಕಣ ನೋಡ್ಕೋ, ನಾನೇ ಕರ್ಕೊಂಡು ಹೋಗ್ತೀನಿ" ಎಂದರು. ನಾನೇ ಹೊರಟೆ. ಮರುಕದಿಂದಲ್ಲ. ಡಾಕ್ಟರು ಇವನ ಆಟ ಹಿಡಿಯುವುದನ್ನು ಕಣ್ಣಾರೆ ನೋಡಬೇಕಿತ್ತು.

ಹಾಸನದಲ್ಲಿ ನರಗಳ ಡಾಕ್ಟರಮ್ಮ ಅಣ್ಣನನ್ನು ನಡೆಸಿ ನೋಡಿದರು, ಅಲ್ಲೂ ಕಾಲೆಳೆದ. ನಾನು ಚಾಡಿ ಹೇಳುವವನ ಹಾಗೆ, "ಕಣದಲ್ಲಿ ಸಾಲು ದಾಟ್ಕೊಂಡು ಚೆನ್ನಾಗೇ ನಡೀತಾನೆ ಮೇಡಂ" ಎಂದೆ. ಅವರು ನೆಲದ ಮೇಲೆ ಬಿಳಿ ಪ್ಲಾಸ್ಟರಿನ ಪಟ್ಟಿಗಳನ್ನು ಅಂಟಿಸಿದರು. ಅಣ್ಣ ಒಂದೊಂದೇ ಪಟ್ಟಿ ದಾಟಿ ಸರಾಗವಾಗಿ ನಡೆದ. ಈಗ ಸಿಕ್ಕಿಬಿದ್ದ ಎಂದು ನಾನು ಅವರ ಮುಖ ನೋಡಿದೆ. ಅವರು ನೆಲದ ಪಟ್ಟಿ ತೋರಿಸಿ, "ಇದು ಪಾರ್ಕಿನ್ಸನ್ ಕಾಯಿಲೆ" ಎಂದರು.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಅವರು ಹೇಳಿದ್ದರಲ್ಲಿ ತಿಳಿದಷ್ಟು ಬರೆಯುತ್ತೇನೆ. ಮೆದುಳಿನ ಆಳದಲ್ಲಿ ನಮ್ಮ ಚಲನೆಯನ್ನು ತಡೆದು ಹಿಡಿಯುವ, ಬೇಕಾದಾಗ ಬಿಟ್ಟುಕೊಡುವ ನರಕೋಶಗಳಿವೆ. ಒಂದು ಕೋಶ ಮಿಡಿದಾಗ ಅದಕ್ಕೂ ಪಕ್ಕದ ಕೋಶಕ್ಕೂ ನಡುವಿನ ಸಂದಿಗೆ ಒಂದಿಷ್ಟು ರಾಸಾಯನಿಕ ಬೀಳುತ್ತದೆ. ಸುದ್ದಿ ದಾಟುವುದು ಹಾಗೆ. ಡಾಕ್ಟರಮ್ಮ ಪೆನ್ನಿನಿಂದ ಮೇಜನ್ನು ನಿಧಾನವಾಗಿ ಕುಟ್ಟಿದರು. "ಹೀಗೆ ಬಿಡುವು ಕೊಟ್ಟು ಮಿಡಿದರೆ ಸುದ್ದಿ ಸರಿಯಾಗಿ ದಾಟುತ್ತೆ." ಆಮೇಲೆ ಪಟಪಟನೆ ಕುಟ್ಟಿ, ನಿಲ್ಲಿಸಿ, ಮತ್ತೆ ಪಟಪಟನೆ ಕುಟ್ಟಿದರು. "ಹೀಗೆ ಒಟ್ಟೊಟ್ಟಿಗೆ ಮಿಡಿದರೆ ಕೊಡೋಕೆ ಇದ್ದದ್ದು ಮೊದಮೊದಲೇ ಖರ್ಚಾಗಿ, ಆಮೇಲಿನ ಸುದ್ದಿ ಸೊರಗುತ್ತೆ. ಇವರಿಗೆ ಡೋಪಮಿನ್ ಅನ್ನೋ ಇನ್ನೊಂದು ರಾಸಾಯನಿಕ ಕಡಿಮೆಯಾಗಿ ಮಿಡಿತದ ಲಯವೇ ಹೀಗೆ ಕೆಟ್ಟಿದೆ. ಹೆಜ್ಜೆಗೆ ಅಪ್ಪಣೆ ಸಿಗಲ್ಲ. ಕಣ್ಣೆದುರು ದಾಟೋಕೆ ಗೆರೆ ಕಂಡರೆ ಮೆದುಳು ಬೇರೆ ದಾರಿಯಿಂದ ಹೆಜ್ಜೆ ಎತ್ತಿಸುತ್ತೆ."

ಇಷ್ಟಾದರೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಅಂದ್ರೆ ಬೇಕಂತ ಮಾಡ್ತಿಲ್ವಾ?"

ಡಾಕ್ಟರಮ್ಮ ಅಣ್ಣನ ಕಡೆ ತಿರುಗಿ, "ಇವರು ಯಾರು?" ಎಂದು ಕೇಳಿದರು.

"ನನ್ನ ತಮ್ಮ. ಒಳ್ಳೇವ್ನೇ" ಎಂದ ಅಣ್ಣ, ಇಳಿದ ದನಿಯಲ್ಲಿ. "ಸ್ವಲ್ಪ ಪೊಲೀಸ್ ಬುದ್ಧಿ. ಸ್ಟೋರಿನ ಹಿಂದೆ ನಿಂತು ಡ್ಯೂಟಿ ಮಾಡ್ತಾನೆ."

ಎಲ್ಲ ಗೊತ್ತಿತ್ತು ಅವನಿಗೆ. ಗೊತ್ತಿದ್ದೂ ಒಂದು ದಿನವೂ ಕೇಳಿರಲಿಲ್ಲ. ಮಾತ್ರೆ ಬರೆದುಕೊಡುತ್ತ ಡಾಕ್ಟರಮ್ಮ, ಮೊದಲೇ ಬಂದಿದ್ದರೆ ಇಷ್ಟು ಕಾಲ ಒದ್ದಾಡುವುದು ತಪ್ಪುತ್ತಿತ್ತು ಎಂದರು.

ವಾಪಸ್ ಹೊರಟಾಗ ಸಕಲೇಶಪುರದ ಬಸ್ಸಿನ ಬಾಗಿಲಲ್ಲಿ ಅವನ ಕಾಲು ಮತ್ತೆ ನಿಂತವು. ಹಿಂದೆ ಜನ ಒತ್ತುತ್ತಿದ್ದರು. "ಹತ್ತು ಮಾರಾಯ. ಹಗಲೇ ಏರಿಸ್ಕೊಂಡು ಬಂದ್ಬುಟ್ಟವ್ನೆ" ಎಂದು ಯಾರೋ ಅಂದರು. ನಗು ಎದ್ದಿತು. ಹಾಗೆಂದವನಿಗೆ ಏನಾದರೂ ಅನ್ನಬೇಕೆಂದು ತಿರುಗಿದೆ. ಆದರೆ ಅದಕ್ಕಿಂತ ಕೆಟ್ಟದ್ದನ್ನು ನಾನೇ ಅಂದಿದ್ದೆ. ಅಣ್ಣನ ಮುಂದೆ ನನ್ನ ಪಾದವನ್ನು ಅಡ್ಡ ಇಟ್ಟು, "ಇದನ್ನ ದಾಟಣ್ಣ" ಎಂದೆ. ದಾಟಿ ಹತ್ತಿದ. ಹಳೆಯ ಚಾಳಿ, ಆಗಲೂ ನಾಟಕವೇನೋ ಎಂದು ಅವನ ಮುಖವನ್ನೊಮ್ಮೆ ಪರೀಕ್ಷಿಸಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಬಸ್ಸು ಆಲೂರು ದಾಟಿತು. ಆಮೇಲೆ, ಮುಂದಿನ ಸೀಟಿನವರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದೆ:

"ನಿಂದು ನಾಟಕ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೋನು ನಾನೇ. ಅತ್ತಿಗೆ ಕೇಳ್ದಾಗ್ಲೇ ಕರ್ಕೊಂಡು ಬರ್ಬೇಕಿತ್ತು, ಬರ್ಲಿಲ್ಲ. ತಪ್ಪಾಯ್ತು ಕಣಣ್ಣ."