ಮೋತ್ಯಾ ಮತ್ತು ನನ್ನ ಎರಡು ರೂಪಾಯಿಯ ಝೆರಾಕ್ಸು

ನಮ್ಮ ಕಡೆ ಯಾರ ಮನೆಗೆ ಹೋದರೂ ಚಹಾ ಕುಡಿಯುತ್ತೀರಾ ಎಂದು ಕೇಳಿದ ಕೂಡಲೇ ಹೂಂ ಎನ್ನಬಾರದು. ಮೊದಲ ಸಲ ‘ಒಲ್ಲೆ’ ಎನ್ನಬೇಕು. ಎರಡನೆಯ ಸಲ ‘ಈಗರೆ ಕುಡದ ಬಂದೇನ್ರಿ’ ಎನ್ನಬೇಕು, ಕುಡಿದಿರದಿದ್ದರೂ. ಮೂರನೆಯ ಸಲ ಕೇಳಿದಾಗ ಅವರ ಮೇಲೆ ಉಪಕಾರ ಮಾಡುವವರ ಹಾಗೆ ಮುಖ ಮಾಡಿ ‘ಆತು ತಗೋರಿ, ಅರ್ಧಾ ಕಪ್ ತರ್ರಿ’ ಎನ್ನಬೇಕು. ಮೂರನೆಯ ಸಲವೂ ಒಲ್ಲೆ ಎಂದಿರೋ, ಆ ಮನೆಯವರು ಮುಂದಿನ ದೀಪಾವಳಿಯವರೆಗೆ ನಿಮ್ಮ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಚಿಕ್ಕೋಡಿಯಿಂದ ಅಥಣಿಯವರೆಗೆ ಕನ್ನಡದವರಿರಲಿ, ಮರಾಠಿಯವರಿರಲಿ, ಎಲ್ಲರಿಗೂ ಇದೇ ಕಾಯದೆ. ಅಕ್ಷರ ಕಲಿಯುವ ಮೊದಲೇ ನಾನು ಇದನ್ನು ಅವ್ವನ ಸೆರಗು ಹಿಡಿದುಕೊಂಡು ಕಲಿತೆ.

ಈ ಒಳ್ಳೆಯ ನಡತೆಯಿಂದ ನಾನೊಂದು ನಾಯಿಯನ್ನು ಕೊಂದಿದ್ದೇನೆ. ಒಂದು ಸಲವಲ್ಲ, ನೂರಾರು ಸಲ, ಅದೂ ಬೇರೆಯವರ ಕೈಯಿಂದ. ಗಾಬರಿಯಾಗಬೇಡಿ, ನಾಯಿ ಕಂಪ್ಯೂಟರಿನೊಳಗಿನದು.

ಎರಡು ಸಾವಿರದ ಆರೇಳರ ಸುಮಾರಿಗೆ ನಾನು ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆ. ನಾಲ್ಕು ಕಂಪ್ಯೂಟರು, ಒಂದು ಝೆರಾಕ್ಸ್ ಮಶೀನು, ಒಬ್ಬನೇ ಮಾಸ್ತರ. ಕರೆಂಟು ಹೋದರೆ ಕರಿಹಲಗೆಯ ಮೇಲೆ ಸುಣ್ಣದ ಬಳಪದಿಂದ ಕೀಬೋರ್ಡು ಬರೆದು ಅದರ ಮೇಲೆಯೇ ಟೈಪಿಂಗ್ ಕಲಿಸುತ್ತಿದ್ದ ಧೀರ ನಾನು. ಆಗ ಯಾವುದೋ ಕಂಪ್ಯೂಟರ್ ಮಾಸಿಕದ ಜೊತೆ ಬಂದ ಸಿ.ಡಿ.ಯಲ್ಲಿ ಒಂದು ಆಟ ಸಿಕ್ಕಿತು. ದೂರದೇಶದ ಒಬ್ಬನೇ ಒಬ್ಬ ಮನುಷ್ಯ ನೌಕರಿ ಮುಗಿಸಿ ಬಂದಮೇಲೆ ವರ್ಷಗಟ್ಟಲೆ ಕೂತು ಅದನ್ನು ಮಾಡಿದ್ದನಂತೆ. ಚಿತ್ರ ಅವನದೇ, ಸಂಗೀತ ಅವನದೇ. ಮಾಡಿ ಮುಗಿಸಿ, ಯಾರು ಬೇಕಾದರೂ ಆಡಿ, ಯಾರಿಗೆ ಬೇಕಾದರೂ ಕೊಡಿ ಎಂದು ಪುಕ್ಕಟೆ ಬಿಟ್ಟುಬಿಟ್ಟಿದ್ದ.

ಆಟದಲ್ಲಿ ಒಬ್ಬ ಅಂಬಿಗ, ಒಂದು ಹರಕು ದೋಣಿ, ದೋಣಿಯ ತುದಿಯಲ್ಲಿ ಒಂದು ಬಿಳಿ ನಾಯಿ. ನೆಲದ ಕೆಳಗೆ ಹರಿಯುವ ನದಿಯಲ್ಲಿ ಇವರು ಸಿಕ್ಕಿಕೊಂಡಿದ್ದಾರೆ. ಸುಳಿ, ಬಂಡೆ, ಬಾವಲಿ ಎಲ್ಲ ದಾಟಿ ಬಯಲಿಗೆ ಬರಬೇಕು. ಇಷ್ಟೇ ಕಥೆ. ಆದರೆ ಆ ನಾಯಿ ಬಾಲ ಅಲ್ಲಾಡಿಸುವ ರೀತಿಗೆ ನಮ್ಮ ಕ್ಲಾಸು ಪೂರಾ ಮರುಳಾಯಿತು. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿತ್ತು, ನಾವು ಮೋತ್ಯಾ ಎಂದು ಕರೆದೆವು.

ಆಟ ಪುಕ್ಕಟೆಯಾಗಿದ್ದರೂ ಅದರ ಇಂಗ್ಲಿಷು ಯಾರಿಗೂ ಹತ್ತುತ್ತಿರಲಿಲ್ಲ. ನನಗೂ ಅಷ್ಟಕ್ಕಷ್ಟೇ, ಆದರೆ ಮಾಸ್ತರನಾದವನು ಹಾಗೆ ಹೇಳಲಾದೀತೇ? ಆಟ ಹೇಗೆ ಆಡಬೇಕೆಂದು ಕೂತು ಕನ್ನಡದಲ್ಲಿ ಎರಡು ಬದಿಯ ಒಂದು ಹಾಳೆ ಬರೆದೆ. ‘ಮೋತ್ಯಾನ ಹಾದಿ’ ಎಂದು ತಲೆಬರಹ ಕೊಟ್ಟೆ. ಖಾಲಿ ಸಿ.ಡಿ. ತಂದವರಿಗೆ ಆಟ ಹಾಗೆಯೇ ತುಂಬಿಕೊಡುತ್ತಿದ್ದೆ, ಹಾಳೆಯ ಝೆರಾಕ್ಸಿಗೆ ಮಾತ್ರ ಎರಡು ರೂಪಾಯಿ. ಹಾಳೆ ನಿಪ್ಪಾಣಿ, ರಾಯಬಾಗ, ಕಾಗವಾಡದವರೆಗೆ ಹೋಯಿತು. ಅದನ್ನು ನೋಡಿ ಆಡಿದವರೆಲ್ಲ ಕೊನೆಗೆ ಅತ್ತರು. ಏಕೆಂದರೆ ಕೊನೆಯ ಸುಳಿಯಲ್ಲಿ ದೋಣಿ ಭಾರಕ್ಕೆ ಮುಳುಗತೊಡಗುತ್ತದೆ. ಮೋತ್ಯಾ ಒಮ್ಮೆ ಅಂಬಿಗನ ಮುಖ ನೋಡಿ, ತಾನಾಗಿಯೇ ನೀರಿಗೆ ಹಾರಿಬಿಡುತ್ತದೆ. ಸದಲಗಾದಿಂದ ಬರುತ್ತಿದ್ದ ಸುಜಾತಾ ಎಂಬ ವಿದ್ಯಾರ್ಥಿನಿ ಎರಡು ದಿನ ಕ್ಲಾಸಿಗೇ ಬರಲಿಲ್ಲ. ಮೂರನೆಯ ದಿನ ಬಂದು, “ಇಂಥಾದ್ದ ಯಾಕ್ ಮಾಡ್ಯಾನ್ರಿ ಸರ್ ಆ ಮನಷ್ಯಾ? ಅವಂಗ ನಾಯಿ ಅಂದ್ರ ಏನಂತ ಗೊತ್ತೈತೇನ್?” ಎಂದು ನನ್ನನ್ನೇ ಕೇಳಿದಳು. ದೊಡ್ಡ ಕಲೆಯೆಂದರೆ ಹೀಗೇ ಇರುತ್ತದೆ ಎಂದು ನಾನು ಗಂಭೀರವಾಗಿ ಹೇಳಿದೆ.

ವರ್ಷಗಳು ಕಳೆದವು. ನಾನು ಕ್ಲಾಸು ಮುಚ್ಚಿ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಮಾಸ್ತರನಾದೆ. ಸುಜಾತಾ ಸಕ್ಕರೆ ಕಾರ್ಖಾನೆಯ ಲ್ಯಾಬು ಸೇರಿದಳು. ನನ್ನ ಇನ್ನೊಬ್ಬ ವಿದ್ಯಾರ್ಥಿ ದಸ್ತಗೀರ ಕುಡಚಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಹಾಕಿದ. ಆಮೇಲೆ ವಾಟ್ಸಪ್ಪು ಬಂತಲ್ಲ, ಹಳೆಯ ಕ್ಲಾಸಿನವರೆಲ್ಲ ಸೇರಿ ‘ಮೋತ್ಯಾ ಮಿತ್ರ ಮಂಡಳ’ ಎಂಬ ಗ್ರೂಪು ಮಾಡಿದರು. ಎಲ್ಲ ತಣ್ಣಗಿತ್ತು. ಒಂದು ದಿನ ದಸ್ತಗೀರ ಸುದ್ದಿ ಹಾಕಿದ: ಮೋತ್ಯಾನ ಆಟವನ್ನು ಹೊಸ ಬಣ್ಣ, ಹೊಸ ಸಂಗೀತ ಹಾಕಿ ಅದನ್ನು ಮಾಡಿದವನೇ ಯಾವುದೋ ಕಂಪನಿಯ ಜೊತೆ ಸೇರಿ ಮಾರಾಟಕ್ಕೆ ಬಿಟ್ಟಿದ್ದಾನೆ. ಇದು ಎರಡನೆಯ ಸಲವಂತೆ. ಮೊದಲ ಸಲ ಮಾರಿದ್ದು ನಮಗೆ ಗೊತ್ತೇ ಆಗಿರಲಿಲ್ಲ.

ಗ್ರೂಪಿಗೆ ಬೆಂಕಿ ಬಿತ್ತು. ಎಲ್ಲರಿಗಿಂತ ಮುಂದೆ ನಾನೇ. ಪ್ರೀತಿಯಿಂದ ಕೊಟ್ಟದ್ದಕ್ಕೆ ಆಮೇಲೆ ಬೆಲೆ ಹಚ್ಚುವುದೇ, ಕಲೆ ಏನು ಕಾಯಿಪಲ್ಯವೇ ಎಂದೆಲ್ಲ ಮಾರುದ್ದ ಬರೆದೆ. ನಲವತ್ತು ಹೆಬ್ಬೆರಳು ಬಂದವು. ದಸ್ತಗೀರ ಮಾತ್ರ ಒಪ್ಪಲಿಲ್ಲ.

“ಸರ್, ಅಂವಾ ವರ್ಷಗಟ್ಟಲೆ ಪುಕ್ಕಟ ದುಡದಾನ. ಹಳೇದು ಇನ್ನೂ ಪುಕ್ಕಟನ ಐತಿ, ಯಾರೂ ಕಸಗೊಂಡಿಲ್ಲ. ಸುಜಾತಾನ ಅವ್ವಾರು ಓಣಿಗೆಲ್ಲಾ ಮಜ್ಜಗಿ ಪುಕ್ಕಟ ಕೊಡ್ತಾರ. ನಾಳೆ ಅವ್ರು ಒಂದ ಅಂಗಡಿ ಇಟ್ರ ಜಗಳಾ ತಗೀತೀರೇನ್ರಿ?” ಎಂದು ಕೇಳಿದ.

ಸುಜಾತಾಳಿಗೆ ಸಿಟ್ಟು ನೆತ್ತಿಗೇರಿತು. “ನಮ್ಮ ಅವ್ವನ ಸುದ್ದಿ ಬ್ಯಾಡ ದಸ್ತಗೀರ. ಮಾರಲಿ, ನನಗೇನೂ ಇಲ್ಲ. ಆದ್ರ ಹೊಸಾದ್ರಾಗ ಮೋತ್ಯಾನ್ನ ಬದುಕಿಸ್ಯಾನಂತ! ಮಂದಿ ರೊಕ್ಕಾ ಕೊಡ್ಲಿ ಅಂತ ಸತ್ತಾಂವನ್ನ ಎಬ್ಬಿಸೂದಾ? ಹಂಗಾದ್ರ ನಾವ್ ಅತ್ತಿದ್ದೆಲ್ಲಾ ಸುಳ್ಳೇನು?” ಎಂದು ಬರೆದು ಗ್ರೂಪು ಬಿಟ್ಟಳು. ಅಷ್ಟು ವರ್ಷದ ಗೆಳೆತನ. ದಸ್ತಗೀರನ ಫೋನನ್ನೂ ಎತ್ತಲಿಲ್ಲ. ಅವನು ಪಾಪ ನನ್ನ ಮುಂದೆ ಕಣ್ಣೀರು ಹಾಕುವುದೊಂದು ಬಾಕಿ.

ನಾನೇ ಹಿರಿಯನಾಗಿ ಮಧ್ಯೆ ನಿಂತೆ. ಒಂದು ರವಿವಾರ ದಸ್ತಗೀರನನ್ನು ಕರೆದುಕೊಂಡು ಸದಲಗಾಕ್ಕೆ ಸುಜಾತಾಳ ತವರಿಗೆ ಹೋದೆ. ಬರುತ್ತೇನೆಂದು ಮೊದಲೇ ಹೇಳಿದ್ದರಿಂದ ಅವಳೂ ಬಂದಿದ್ದಳು. ಚಹಾ ಬಂತು: ಒಲ್ಲೆ, ಈಗರೆ ಕುಡದ ಬಂದೇನ್ರಿ, ಆತು ತಗೋರಿ. ದಸ್ತಗೀರ ಲ್ಯಾಪ್‌ಟಾಪು ತೆಗೆದು ತಾನು ಕೊಂಡ ಹೊಸ ಆಟ ಹಚ್ಚಿದ. ನಡುವೆ ಒಂದು ಗವಿ ಬರುತ್ತದೆ. ಅಲ್ಲೊಬ್ಬ ಮುದುಕಿ ಅಂಬಿಗನಿಗೆ ದೊಡ್ಡ ಕಬ್ಬಿಣದ ಕಂದೀಲು ಕೊಡುತ್ತೇನೆ, ಬೇಕೇ ಎಂದು ಮೂರು ಸಲ ಕೇಳುತ್ತಾಳೆ. ದಸ್ತಗೀರ ಬೇಡ ಎಂದ. ಎರಡನೆಯ ಸಲವೂ ಬೇಡ ಎಂದ. ಮೂರನೆಯ ಸಲವೂ ಬೇಡ ಎಂದಾಗ ನನಗೆ ಮೈ ಜುಮ್ಮೆಂದಿತು, ಎಂಥ ಸೊಕ್ಕು ಎಂದುಕೊಂಡೆ. ಕಂದೀಲಿನ ಭಾರವಿಲ್ಲದೆ ದೋಣಿ ಹಗುರಾಗಿ ಕತ್ತಲಲ್ಲಿ ಹೊರಟಿತು. ಮೋತ್ಯಾ ಬೊಗಳಿ ಬೊಗಳಿ ದಾರಿ ತೋರಿಸಿತು. ಸುಳಿ ದಾಟಿತು. ಬಯಲು, ಬಿಸಿಲು, ಮರಳಿನ ಮೇಲೆ ಬಿಳಿ ನಾಯಿಯ ಓಟ.

“ನೋಡ್ರಿ,” ಸುಜಾತಾ ಅಂದಳು, “ರೊಕ್ಕಾ ಕೊಟ್ರ ಎಲ್ಲಾ ಆಗ್ತೈತಿ.”

ದಸ್ತಗೀರ ಲ್ಯಾಪ್‌ಟಾಪು ತನ್ನ ಕಡೆ ತಿರುಗಿಸಿಕೊಂಡ. ಜೇಬಿನಿಂದ ಪೆನ್ ಡ್ರೈವು ತೆಗೆದ. ಅದರಲ್ಲಿ ನಾನೇ ಹಿಂದೆ ಸಿ.ಡಿ.ಯಲ್ಲಿ ತುಂಬಿಕೊಟ್ಟಿದ್ದ ಹಳೆಯ ಪುಕ್ಕಟೆ ಆಟ. ಅದೇ ಗವಿ, ಅದೇ ಮುದುಕಿ. ಬೇಡ, ಬೇಡ, ಬೇಡ. ಅಲ್ಲಿಯೂ ಮೋತ್ಯಾ ಬೊಗಳಿತು, ಸುಳಿ ದಾಟಿತು, ಬಯಲಿಗೆ ಬಂದು ಓಡಿತು. ಆ ಮನುಷ್ಯ ಮೊದಲ ದಿನದಿಂದಲೇ ಅದನ್ನು ಬದುಕಿಸಿಟ್ಟಿದ್ದ.

ಸುಜಾತಾ ಎದ್ದು ಒಳಗೆ ಹೋದಳು. ಹಳೆಯ ಪ್ರ್ಯಾಕ್ಟಿಕಲ್ ರೆಕಾರ್ಡಿನಿಂದ ಮಡಿಚಿದ ಒಂದು ಹಾಳೆ ತಂದಳು. ನನ್ನದೇ ಕೈಬರಹ, ಅಡಿಗೆರೆ ಸಮೇತ. ಅವಳು ಗಟ್ಟಿಯಾಗಿ ಓದಿದಳು: “ಗವಿಯಲ್ಲಿ ಅಜ್ಜಿ ಮೂರು ಸಲ ಕೇಳುತ್ತಾಳೆ. ಎರಡು ಸಲ ಬೇಡ ಎನ್ನಿ. ಮೂರನೆಯ ಸಲ ತೆಗೆದುಕೊಳ್ಳಿ. ಹಿರಿಯರು ಕೊಟ್ಟದ್ದನ್ನು ಬಿಡಬಾರದು.”

ಇಬ್ಬರೂ ನನ್ನ ಮುಖ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಸುಜಾತಾಳ ಅವ್ವ ಇನ್ನೊಂದು ಕಪ್ ಚಹಾ ಬೇಕೇ ಎಂದು ನನ್ನನ್ನು ಕೇಳಿದರು. ಜೀವಮಾನದಲ್ಲಿ ಮೊದಲ ಬಾರಿಗೆ, ಕೇಳಿದ ಕೂಡಲೇ ಹೂಂ ಎಂದೆ.

“ಹತ್ತ ವರ್ಷ ಆ ಮನಷ್ಯಾಗ ಬೈದೇನ್ರಿ ಸರ್ ನಾನು,” ಎಂದು ಸುಜಾತಾ ಕಣ್ಣು ಒರೆಸಿಕೊಂಡಳು. ಆಮೇಲೆ ತಡೆಯಲಾರದೆ ನಕ್ಕಳು. “ಅಲ್ರಿ, ಪುಕ್ಕಟ ಕೊಟ್ಟಿದ್ರಾಗ ತಪ್ಪ ಇರ್ಲಿಲ್ಲ. ತಪ್ಪಿಗೆ ನಾವು ಎರಡ್ ರೂಪಾಯಿ ಕೊಟ್ಟಿದ್ವಿ!” ದಸ್ತಗೀರ ನಕ್ಕ ನಗೆಗೆ ಹಿತ್ತಿಲಿನ ಎಮ್ಮೆಗಳು ತಿರುಗಿ ನೋಡಿರಬೇಕು. ಸಂಜೆಯೊಳಗೆ ಅವಳು ಗ್ರೂಪಿಗೆ ಮರಳಿದಳು, ಆ ಹಾಳೆಯ ಫೋಟೊ ಸಮೇತ.

ನನ್ನ ಸಮಾಧಾನಕ್ಕೆ ನಾನು ಪಂಡಿತರ ಪುಸ್ತಕಗಳ ಕಡೆ ಓಡಿದೆ. ಹಿಂದೆ ನಮ್ಮ ನಾಡಿನ ಜೈನ ಶ್ರಾವಕರು ಗ್ರಂಥಗಳನ್ನು ಓಲೆಯ ಮೇಲೆ ಪ್ರತಿ ಮಾಡಿಸಿ ಬಸದಿಗಳಿಗೆ, ಓದುವವರಿಗೆ ದಾನ ಕೊಡುತ್ತಿದ್ದರು. ಶಾಸ್ತ್ರದಾನ ಅಂದರೆ ಅದು. ಕವಿ ಒಂದು ಬರೆದರೆ ಲಿಪಿಕಾರನ ಕೈ ಇನ್ನೊಂದು ಬರೆಯುವುದು ಆಗಲೂ ಇತ್ತು. ಅದನ್ನು ತಿದ್ದುವುದರಲ್ಲೇ ವಿದ್ವಾಂಸರ ಕನ್ನಡಕಗಳು ದಪ್ಪವಾದವು. ಆದರೆ ಆ ಲಿಪಿಕಾರರು ಪುಣ್ಯವಂತರು, ಕೊನೆಯಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಕೈಮುಗಿದು ಬರೆಯುತ್ತಿದ್ದರು. ನಾನೇನು ಬರೆದಿದ್ದೆನೆಂದು ಸುಜಾತಾ ಹಾಕಿದ ಫೋಟೊ ದೊಡ್ಡದು ಮಾಡಿ ನೋಡಿದೆ. ಹಾಳೆಯ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ, ‘ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಲಾಗಿದೆ’ ಎಂದಿತ್ತು.

ಮುಂದಿನ ರವಿವಾರ ಮುಂಜಾನೆ ಹೊಸ ಆಟವನ್ನು ಪೂರ್ತಿ ಬೆಲೆ ಕೊಟ್ಟು ಕೊಂಡೆ. ಪುಕ್ಕಟೆಯದು ನನ್ನ ಬಳಿ ಇತ್ತು, ನಿಜ. ಆದರೆ ಆ ಮನುಷ್ಯನಿಗೆ ಒಂದು ಕಪ್ ಚಹಾ ಕುಡಿಸಬೇಕೆಂದು ನನಗೆ ಬಹಳ ಅನ್ನಿಸಿತ್ತು, ಅವನ ಮನೆ ನನಗೆ ಗೊತ್ತಿರಲಿಲ್ಲ. ಹೆಂಡತಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಕನ್ನಡಕ ಏರಿಸಿಕೊಂಡು ಹುಟ್ಟು ಹಾಕುತ್ತ ಗವಿಗೆ ಬಂದೆ. ಮುದುಕಿ ಕೇಳಿದಳು, ಬೇಡ ಎಂದೆ. ಮತ್ತೆ ಕೇಳಿದಳು, ಬೇಡ ಎಂದೆ. ಮೂರನೆಯ ಸಲ ಕೇಳಿದಳು. ಬೆರಳು ತಾನಾಗಿಯೇ ಹೂಂ ಕಡೆಗೆ ಸರಿಯಿತು. ಮೋತ್ಯಾ ದೋಣಿಯ ತುದಿಯಲ್ಲಿ ಕೂತು ಬಾಲ ಅಲ್ಲಾಡಿಸುತ್ತಿತ್ತು.

“ಬ್ಯಾಡ್ರಿ ಆಯಿ, ತಪ್ಪ ತಿಳ್ಕೋಬ್ಯಾಡ್ರಿ,” ಎಂದು ಗಟ್ಟಿಯಾಗಿಯೇ ಅಂದೆ. “ದೋಣ್ಯಾಗ ನಾಯಿ ಐತಿ.”

ಗುಂಡಿ ಒತ್ತಿದೆ. ಕತ್ತಲಾಯಿತು. ನೀರಿನ ಸದ್ದು, ಬೊಗಳುವ ಸದ್ದು, ಸುಳಿ. ಆಮೇಲೆ ಒಮ್ಮೆಲೇ ಪರದೆಯ ತುಂಬ ಬಿಸಿಲು.

ಒಳಗೆ ರೊಟ್ಟಿಯ ಸಪ್ಪಳ ನಿಂತಿತು. “ಯಾರ ಜೋಡಿ ಮಾತಾಡಾಕತ್ತೀರಿ? ಯಾರ ಬಂದಾರ್ರೀ?” ಎಂದು ಹೆಂಡತಿ ಕೂಗಿದಳು.

“ಮೋತ್ಯಾ ಬಂದಾನ,” ಎಂದೆ.