ಹೆಂಗ ಗೊತ್ತು?

ರಂಗಂಪೇಟೆಯ ದೇವಿಕಾ ತತ್ವಶಾಸ್ತ್ರದ ಎಂ.ಎ. ಓದುವ ಹುಡುಗಿ. ಕಣ್ಣಾರೆ ಕಂಡ ಅರಿವು ದೊಡ್ಡದೋ, ಕೇಳಿ ನಂಬಿದ್ದು ದೊಡ್ಡದೋ ಎಂದು ತೂಗಿ ನೋಡುವ ಪ್ರಬಂಧಕ್ಕೆ ಕೂತಾಗಿನಿಂದ ಅವಳ ಮನೆಯಲ್ಲಿ ಯಾರೂ ಬಾಯಿ ಬಿಡುವಂತಿಲ್ಲ. 'ಶಹಾಪುರ ಬಸ್ ಹೋತು' ಅಂದರೆ ಸಾಕು, "ಹೆಂಗ ಗೊತ್ತು? ನೋಡೀರೇನು, ಕೇಳೀರೇನು?" ಪಲ್ಯಕ್ಕೆ ಉಪ್ಪು ಕಮ್ಮಿ ಎಂದ ಕಾಕಾನಿಗೂ ಅದೇ ಪಾಟೀಸವಾಲು. "ತಿಂದೀನವಾ, ನನ್ನ ನಾಲಿಗಿ ಸಾಕ್ಷಿ ಸಾಲಂಗಿಲ್ಲೇನು?" ಎಂದು ಅವನು ತಟ್ಟೆ ಸರಿಸುತ್ತಾನೆ. ಕಂಡದ್ದೇ ದೊಡ್ಡದೆಂದು ಬರೆದು ಮುಗಿಸುವುದಷ್ಟೇ ಬಾಕಿ. ಆ ಸಾಲಿಗೆ ಬಂದಾಗಲೆಲ್ಲ ಪೆನ್ನು ನಿಲ್ಲುತ್ತದೆ. ಹೆತ್ತ ಕೂಡಲೇ ತೀರಿಕೊಂಡ ಅವ್ವನ ಒಂದು ಫೋಟೋ ಕೂಡ ಮನೆಯಲ್ಲಿಲ್ಲ. "ನಕ್ಕರ ನೀ ಥೇಟ್ ನಿಮ್ಮವ್ವನ ಹಂಗ ಕಾಣ್ತಿ" ಎನ್ನುತ್ತಾಳೆ ಅಜ್ಜಿ ಸುಗಲಮ್ಮ. ಆಗ ಮಾತ್ರ ದೇವಿಕಾ ಹೆಂಗ ಗೊತ್ತು ಎಂದು ಕೇಳುವುದಿಲ್ಲ, ಇನ್ನೊಮ್ಮೆ ನಗುತ್ತಾಳೆ.