ಡ್ರೈವರ್ ಕಂಡ ಮಿಂಚು

ಅರವತ್ತರ ದಶಕದ ಮಾತು. ಕಣ್ಣಿನ ಡಾಕ್ಟರಾಗಿದ್ದ ನಾನು ಕೋಣಂದೂರಿನಲ್ಲಿ ಮೂರು ದಿನದ ಶಿಬಿರ ಮುಗಿಸಿ, ಸುಸ್ತಾಗಿ ತೀರ್ಥಹಳ್ಳಿ ಬಸ್ಸಿನಲ್ಲಿ ಡ್ರೈವರ್ ಪಕ್ಕ ಕೂತಿದ್ದೆ. ವಯಸ್ಸಾದ ಅವರು ಇಲ್ಲದ ನೊಣ ಓಡಿಸುವಂತೆ ಮುಖದ ಮುಂದೆ ಕೈ ಬೀಸುತ್ತಿದ್ದರು.

“ಎಂತದು?” ಎಂದೆ.

“ನಿನ್ನೆಯಿಂದ ಕಪ್ಪು ಚುಕ್ಕೆ ಹಾರ್ತಾವೆ ಸಾರ್. ಮಿಂಚೂ ಹೊಡೀತದೆ. ವಯಸ್ಸಾಯ್ತಲ್ಲ.”

“ವಯಸ್ಸಾದಂತೆ ಕಣ್ಣೊಳಗಿನ ಲೋಳೆ ಕುಗ್ಗಿ ಹಿಂದಿನ ಪರದೆಯನ್ನು ಎಳೀತದೆ. ಪರದೆ ಹರಿದರೆ ದೃಷ್ಟಿಯೇ ಹೋದೀತು. ಒಂದು ಕಡೆ ಮಬ್ಬಾಗಿದೆಯಾ?”

ಅವರು ಬಸ್ ನಿಲ್ಲಿಸಿಬಿಟ್ಟರು. “ಬೆಳಿಗ್ಗೆಯಿಂದ ನೆರಳು ಬಿದ್ದಂಗಿದೆ. ಹೇಳಿದ್ರೆ ಕೆಲಸ ಹೋಗ್ತದೆ ಅಂತ ಸುಮ್ನಿದ್ದೆ.”

ಮರುದಿನವೇ ಬೆಂಗಳೂರಿಗೆ ಕರೆದೊಯ್ದೆ. ಆಪರೇಷನ್ ಆಗಿ ಕಣ್ಣು ಉಳಿಯಿತು, ಡ್ರೈವರ್ ಕೆಲಸ ಉಳಿಯಲಿಲ್ಲ. ಅವರು ನನ್ನನ್ನು ಒಮ್ಮೆಯೂ ದೂರಲಿಲ್ಲ. ಅಂದು ಬಸ್ ಅಲ್ಲೇ ನಿಂತಿದ್ದರಿಂದ ಉಳಿದ ಮೂರು ಮೈಲಿ ನಡೆದ ಪ್ರಯಾಣಿಕರು ಮಾತ್ರ ತೀರ್ಥಹಳ್ಳಿ ಮುಟ್ಟುವವರೆಗೂ ನನ್ನನ್ನೇ ಬೈದರು.